ಒಂದೇ ಮಡಕೆ, ಮೂರು ಹೆಸರು

ಕರಾವಳಿಯ ತೆಂಗಿನ ತೋಟ. ಇನ್ನೂ ನಸುಕು ಹರಿದಿಲ್ಲ. ಮರದ ರಸ ಇಳಿಸುವ ಮೂರ್ತೆಯವರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮರ ಏರುತ್ತಾರೆ. ಅರಳಲು ಬಿಡದೆ ಬಿಗಿದು ಕಟ್ಟಿದ ಹೊಂಬಾಳೆಯ ತುದಿಯಿಂದ ರಾತ್ರಿಯಿಡೀ ತೊಟ್ಟಿಕ್ಕಿದ ರಸ ಮಡಕೆಯಲ್ಲಿ ತುಂಬಿ ನಿಂತಿದೆ. ಹೊಂಬಾಳೆಯನ್ನು ಮತ್ತೊಮ್ಮೆ ತೆಳುವಾಗಿ ಸವರಿ, ಮಡಕೆ ಬದಲಿಸಿ, ತುಂಬಿದ್ದನ್ನು ಹಿಡಿದು ಇಳಿಯುತ್ತಾರೆ.

ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಆ ರಸ ಅಪ್ಪಟ ಸಿಹಿ. ಅದು ನೀರಾ; ಮಕ್ಕಳಿಗೂ ಕುಡಿಸಬಹುದು. ಸುಣ್ಣವಿಲ್ಲದ ಮಡಕೆಯ ರಸ ಬಿಸಿಲೇರುವಷ್ಟರಲ್ಲಿ ನೊರೆಗಟ್ಟಿ, ಬೆಳ್ಳಗಾಗಿ, ಹುಳಿ ವಾಸನೆ ಬೀರತೊಡಗುತ್ತದೆ. ಅದು ಶೇಂದಿ, ಬಯಲುಸೀಮೆಯವರ ಬಾಯಲ್ಲಿ ಹೆಂಡ. ಅದನ್ನೇ ಕೆಲವು ವಾರ ಮುಟ್ಟದೆ ಇಟ್ಟರೆ ವಿನೆಗರ್. ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಉಪ್ಪಿನಕಾಯಿಗೂ ಮಾಂಸದಡುಗೆಗೂ ಬೀಳುವುದು ಇದೇ.

ಮರ ಒಂದೇ, ರಸ ಒಂದೇ, ಮಡಕೆಯೂ ಒಂದೇ. ಬೇರೆಯಾದದ್ದು ಸುಣ್ಣ ಮತ್ತು ಹೊತ್ತು ಮಾತ್ರ. ಆದರೆ ಮೊದಲನೆಯದು ಆರೋಗ್ಯ ಪಾನೀಯವಾಗಿ ಮಾರಾಟವಾಗುತ್ತದೆ, ಎರಡನೆಯದಕ್ಕೆ ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕು, ಮೂರನೆಯದು ಅಡುಗೆಮನೆಯ ಕಪಾಟು ಸೇರುತ್ತದೆ. ಹಾಗಾದರೆ ಆ ರಸ ‘ಮದ್ಯ’ ಎನಿಸಿಕೊಂಡದ್ದು ಎಷ್ಟು ಗಂಟೆಗೆ? ಅದನ್ನು ತೀರ್ಮಾನಿಸುವವರು ಯಾರು?

ಈಚಲ ಮರದಡಿ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ ಎಂಬ ಗಾದೆ ನಮ್ಮಲ್ಲಿದೆ. ಕೂತ ಜಾಗ ನೋಡಿ ಕುಡಿದದ್ದನ್ನು ಊಹಿಸುವ ಸ್ವಭಾವವನ್ನು ಅದು ಎತ್ತಿ ತೋರಿಸುತ್ತದೆ. ಜಾಗ, ಬಣ್ಣ, ವಾಸನೆ, ಹೆಸರು ಯಾವುದನ್ನೂ ನಂಬದೆ ಮದ್ಯವನ್ನು ಗುರುತಿಸುವುದು ಹೇಗೆ ಎಂಬುದು ರಸಾಯನಶಾಸ್ತ್ರಕ್ಕೂ ಕಾನೂನಿಗೂ ವೈದ್ಯಕ್ಕೂ ಸೇರಿದ ಪ್ರಶ್ನೆ. ಅದಕ್ಕೆ ಸಿಗುವ ಉತ್ತರ ಕೆಲವೊಮ್ಮೆ ಜೀವ ಉಳಿಸುತ್ತದೆ.

ಕಣ್ಣ ಕಾಡಿಗೆಯಿಂದ ಬಂದ ಹೆಸರು

‘ಆಲ್ಕೋಹಾಲ್’ ಎಂಬ ಪದ ಹುಟ್ಟಿದ್ದು ಅರಬ್ಬಿಯಲ್ಲಿ. ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ, ನುಣ್ಣಗೆ ಅರೆದ ಕಪ್ಪು ಪುಡಿ. ಯೂರೋಪಿಗೆ ಹೋದ ಪದ ಮೊದಲು ಯಾವುದೇ ನಯವಾದ ಪುಡಿಗೂ, ಆಮೇಲೆ ಯಾವುದೇ ವಸ್ತುವಿನಿಂದ ತೆಗೆದ ಸತ್ವಕ್ಕೂ ಹೆಸರಾಯಿತು. ದ್ರಾಕ್ಷಾರಸದಿಂದ ಇಳಿಸಿದ ಸತ್ವವನ್ನು ‘ವೈನಿನ ಆಲ್ಕೋಹಾಲ್’ ಎಂದರು. ಕಾಲಕ್ರಮದಲ್ಲಿ ವೈನ್ ಬಿದ್ದುಹೋಗಿ ಆಲ್ಕೋಹಾಲ್ ಒಂದೇ ಉಳಿಯಿತು.

ರಸಾಯನಶಾಸ್ತ್ರದಲ್ಲಿ ಇದು ಒಂದು ದೊಡ್ಡ ಕುಟುಂಬದ ಹೆಸರು. ಇಂಗಾಲದ ಪರಮಾಣುವಿಗೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ ಅಂಟಿಕೊಂಡಿದ್ದರೆ ಆ ವಸ್ತು ಆಲ್ಕೋಹಾಲ್. ಈ ಲೆಕ್ಕದಲ್ಲಿ ಸೋಪಿನ ಗ್ಲಿಸರಿನ್, ಪುದೀನದ ತಂಪು ಮೆಂಥಾಲ್, ನಮ್ಮ ರಕ್ತದ ಕೊಲೆಸ್ಟೆರಾಲ್ ಎಲ್ಲವೂ ಆಲ್ಕೋಹಾಲ್‌ಗಳೇ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯಲ್ಲಿ ‘ಸೀಟೈಲ್ ಆಲ್ಕೋಹಾಲ್’ ಎಂದು ಓದಿ ಗಾಬರಿಯಾಗಬೇಕಿಲ್ಲ. ಅದು ಮೇಣದಂಥ ಪದಾರ್ಥ, ಅಮಲು ತರುವುದಿಲ್ಲ.

ಅಮಲಿಗಾಗಿ ಮನುಷ್ಯ ಕುಡಿಯುವುದು ಈ ಕುಟುಂಬದ ಒಬ್ಬ ಸದಸ್ಯನನ್ನು ಮಾತ್ರ. ಅದು ಎಥೆನಾಲ್, ಕನ್ನಡದಲ್ಲಿ ಮದ್ಯಸಾರ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಸೇರಿದ ಪುಟ್ಟ ಅಣು. ಬಿಯರ್, ಬ್ರಾಂದಿ, ಶೇಂದಿ, ಫೆನ್ನಿ ಎಂಬ ಹೆಸರು, ಬಣ್ಣ, ರುಚಿ, ಬೆಲೆ ಏನೇ ಇರಲಿ, ಒಳಗಿರುವುದು ಇದೇ ಅಣು. ಅಮಲು ಮಾತ್ರವೇ ಮದ್ಯದ ಗುರುತು ಎನ್ನುವುದೂ ಸರಿಯಲ್ಲ. ಭಂಗಿ, ಅಫೀಮು ಅಮಲೇರಿಸಿದರೂ ಅವುಗಳಲ್ಲಿ ಮದ್ಯಸಾರವಿಲ್ಲ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಅಣು?’, ಎರಡನೆಯದು ‘ಎಷ್ಟು?’. ಮುಂದಿನ ಕತೆಯೆಲ್ಲ ಈ ಎರಡು ಪ್ರಶ್ನೆಗಳದೇ.

ಯೀಸ್ಟ್ ಎಲ್ಲಿ ಸೋಲುತ್ತದೆ

ಸಕ್ಕರೆಯನ್ನು ಮದ್ಯಸಾರ ಮಾಡುವುದು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಶಿಲೀಂಧ್ರ. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ಹಳೆಯ ಮಡಕೆಯ ರಂಧ್ರಗಳಲ್ಲಿ ಅದು ಇದ್ದೇ ಇರುತ್ತದೆ. ಸಿಹಿ ರಸ ಸಿಕ್ಕಿದೊಡನೆ ಸಕ್ಕರೆಯನ್ನು ಒಡೆದು ಬದುಕಲು ಬೇಕಾದ ಶಕ್ತಿ ಪಡೆಯುತ್ತದೆ. ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ಶೇಂದಿಯ ನೊರೆ ಆ ಅನಿಲದ್ದು. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಮದ್ಯಸಾರ, 88 ಗ್ರಾಂ ಅನಿಲ. ಅಂದರೆ ಸಕ್ಕರೆಯ ತೂಕದ ಅರ್ಧದಷ್ಟು ಮದ್ಯಸಾರ.

ಇದು ಜೀವಂತ ಯೀಸ್ಟಿನ ಕೆಲಸ ಎಂದು 19ನೇ ಶತಮಾನದ ನಡುವೆ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶವೇ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದರು. ಕೆಲಸ ಮಾಡುವುದು ಯೀಸ್ಟಿನೊಳಗಿನ ಕಿಣ್ವ ಎಂಬುದು ಸ್ಪಷ್ಟವಾಯಿತು. 1907ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು.

ಆದರೆ ತಾನು ಹೊರಹಾಕಿದ ಮದ್ಯಸಾರವೇ ಯೀಸ್ಟಿಗೆ ವಿಷ. ಪ್ರಮಾಣ ಶೇ 14–15ರ ಹತ್ತಿರ ಬಂದಾಗ ಬಹುತೇಕ ಯೀಸ್ಟುಗಳು ಕೈಚೆಲ್ಲುತ್ತವೆ. ಹುದುಗಿಸಿದ ಪಾನೀಯಗಳು ಸಾಮಾನ್ಯವಾಗಿ ಆ ಮಿತಿಯೊಳಗೇ ಇರುವುದು ಇದರಿಂದ. ಶೇಂದಿಯಲ್ಲಿ ಸುಮಾರು ಶೇ 4ರಿಂದ 6, ವೈನ್‌ನಲ್ಲಿ ಶೇ 12ರ ಆಸುಪಾಸು.

ಅದಕ್ಕಿಂತ ಗಟ್ಟಿ ಬೇಕೆಂದರೆ ಭಟ್ಟಿ ಇಳಿಸಬೇಕು. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ ಮದ್ಯಸಾರ ಸುಮಾರು 78 ಡಿಗ್ರಿಗೇ ಕುದಿಯುತ್ತದೆ. ಮೊದಲು ಎದ್ದ ಆವಿಯನ್ನು ತಣಿಸಿ ಹಿಡಿದರೆ ಅದರಲ್ಲಿ ಮದ್ಯಸಾರದ ಪಾಲು ಹೆಚ್ಚು. ಸಾರಾಯಿಯಿಂದ ವಿಸ್ಕಿಯವರೆಗೆ ಎಲ್ಲದರ ಹಿಂದಿನ ಉಪಾಯ ಇದು. ‘ಕಳ್ಳಬಟ್ಟಿ’ ಎಂಬ ನಮ್ಮ ಪದದಲ್ಲಿ ಕಾನೂನೂ ಇದೆ, ತಂತ್ರವೂ ಇದೆ.

ಅಡುಗೆಮನೆಯಲ್ಲೂ ಇದೆ, ಆದರೆ ಮದ್ಯವಲ್ಲ

ಯೀಸ್ಟಿಗೆ ಮನುಷ್ಯರ ಮಡಿ ಮೈಲಿಗೆ ಗೊತ್ತಿಲ್ಲ. ಚೆನ್ನಾಗಿ ಕಳಿತು ಸಿಪ್ಪೆ ಕಪ್ಪಿಟ್ಟ ಬಾಳೆಹಣ್ಣು, ಹೊರಗಿಟ್ಟ ಹಣ್ಣಿನ ರಸ, ಬೇಕರಿಯ ಬ್ರೆಡ್ಡು, ಎಲ್ಲದರಲ್ಲೂ ಅತ್ಯಲ್ಪ ಮದ್ಯಸಾರ ಇರುತ್ತದೆ. ರಾತ್ರಿ ಉಬ್ಬಿದ ಇಡ್ಲಿ ಹಿಟ್ಟಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಹುಳಿಯ ಜೊತೆಗೆ ಅನಿಲವನ್ನೂ ತುಸು ಮದ್ಯಸಾರವನ್ನೂ ಉಂಟುಮಾಡುತ್ತದೆ. ಹಬೆಯಲ್ಲಿ ಬೇಯುವಾಗ ಅದರ ಬಹುಪಾಲು ಹಾರಿಹೋಗುತ್ತದೆ. ಇವುಗಳಿಂದ ಯಾರಿಗೂ ಅಮಲೇರದು. ಮದ್ಯಸಾರದ ಒಂದು ಕಣ ಇದ್ದರೂ ಅದು ಮದ್ಯ ಎಂದು ಹಟ ಹಿಡಿದರೆ ಬೆಳಗಿನ ತಿಂಡಿಯನ್ನೂ ಬಿಡಬೇಕಾಗುತ್ತದೆ.

ತದ್ವಿರುದ್ಧವಾದ ಉದಾಹರಣೆಯೂ ಇದೆ. ಬಾಣಂತನದಲ್ಲಿ ಕೊಡುವ ದಶಮೂಲಾರಿಷ್ಟ, ಸುಸ್ತಿಗೆ ಕೊಡುವ ದ್ರಾಕ್ಷಾರಿಷ್ಟದಂಥ ಆಯುರ್ವೇದದ ಆಸವ ಅರಿಷ್ಟಗಳಲ್ಲಿ ಕಷಾಯ ಅಥವಾ ರಸಕ್ಕೆ ಬೆಲ್ಲ ಬೆರೆಸಿ, ಧಾತಕಿ ಹೂವು ಹಾಕಿ, ದಿನಗಟ್ಟಲೆ ಮುಚ್ಚಿಟ್ಟು ಹುದುಗಿಸುತ್ತಾರೆ. ಹೊರಗಿನಿಂದ ಮದ್ಯಸಾರ ಸೇರಿಸುವುದಿಲ್ಲ. ಅದು ತಾನಾಗಿ ಹುಟ್ಟಿ, ಮೂಲಿಕೆಗಳ ಸತ್ವವನ್ನು ಕರಗಿಸಿ, ಔಷಧ ಕೆಡದಂತೆ ಕಾಯುತ್ತದೆ. ಇಂಥ ಹಲವು ಅರಿಷ್ಟಗಳಲ್ಲಿ ಮದ್ಯಸಾರ ಶೇ 5ರಿಂದ 10ರವರೆಗೂ ಇರುತ್ತದೆ, ಅಂದರೆ ಸಾಮಾನ್ಯ ಬಿಯರಿನಷ್ಟು ಅಥವಾ ಅದಕ್ಕಿಂತ ಹೆಚ್ಚು. ಆದರೂ ಅದು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಕುಡಿಯುವುದು ಲೋಟದಲ್ಲಲ್ಲ, ಚಮಚದಲ್ಲಿ.

ಕೇಕಿಗೆ ಹಾಕುವ ವನಿಲ್ಲಾ ಸಾರವನ್ನೂ ನೋಡಿ. ಒಂದು ಕಾಲದಲ್ಲಿ ಮಲೆನಾಡಿನ ಬೆಳೆಗಾರರು ಭಾರೀ ಆಸೆಯಿಂದ ಹಬ್ಬಿಸಿದ ಬಳ್ಳಿಯ ಕೋಡಿನಿಂದ ತೆಗೆಯುವ ಸತ್ವ ಅದು. ಅಮೆರಿಕದ ಆಹಾರ ನಿಯಮದಂತೆ ‘ವನಿಲ್ಲಾ ಎಕ್ಸ್‌ಟ್ರ್ಯಾಕ್ಟ್’ ಎನಿಸಿಕೊಳ್ಳಲು ಅದರಲ್ಲಿ ಕನಿಷ್ಠ ಶೇ 35 ಮದ್ಯಸಾರ ಇರಲೇಬೇಕು. ಪ್ರಮಾಣದಲ್ಲಿ ಅದು ಬ್ರಾಂದಿಗೆ ಹತ್ತಿರ, ಬಳಕೆಯಲ್ಲಿ ಏಲಕ್ಕಿ ಪುಡಿಗೆ ಹತ್ತಿರ. ಪ್ರಮಾಣದ ಜೊತೆಗೆ ಬಳಕೆಯನ್ನೂ ನೋಡಬೇಕಾಗುವುದು ಇಲ್ಲಿ.

ಅರ್ಧ ಶೇಕಡಾ ಎಂಬ ಗೆರೆ

ಪ್ರಕೃತಿಯಲ್ಲಿ ಸೊನ್ನೆಯಿಂದ ಮೇಲಕ್ಕೆ ಏರುವ ಇಳಿಜಾರಿದೆ, ಮೆಟ್ಟಿಲಿಲ್ಲ. ಮೆಟ್ಟಿಲು ಕಟ್ಟಿದ್ದು ಕಾನೂನು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಹೊರಡಿಸಿದ, 2019ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಗಾತ್ರದ ಲೆಕ್ಕದಲ್ಲಿ ಶೇ 0.5ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯ ಮದ್ಯ. ಅಂದರೆ ಒಂದು ಲೀಟರಿನಲ್ಲಿ 5 ಮಿಲಿಲೀಟರ್, ಸುಮಾರು ಒಂದು ಟೀ ಚಮಚ. ಅದೇ ನಿಯಮದಲ್ಲಿ ಶೇ 5ರವರೆಗಿನದು ಸಾಧಾರಣ ಬಿಯರ್, ಶೇ 5ರಿಂದ 8ರವರೆಗಿನದು ಸ್ಟ್ರಾಂಗ್ ಬಿಯರ್.

ಈ ಅರ್ಧ ಶೇಕಡಾಕ್ಕೆ ಹಳೆಯ ಚರಿತ್ರೆಯಿದೆ. ಅಮೆರಿಕ ತನ್ನ ಸಂವಿಧಾನಕ್ಕೆ 18ನೇ ತಿದ್ದುಪಡಿ ತಂದು ‘ಅಮಲು ತರುವ ಮದ್ಯ’ವನ್ನು ನಿಷೇಧಿಸಿದಾಗ ಯಾವುದು ಅಮಲು ತರುತ್ತದೆ ಎಂದು ಅದರಲ್ಲಿ ಹೇಳಿರಲಿಲ್ಲ. ಬಿಯರ್ ಉಳಿಯಬಹುದು ಎಂದು ಅನೇಕರು ಆಸೆ ಇಟ್ಟುಕೊಂಡಿದ್ದರು. 1919ರ ವೋಲ್‌ಸ್ಟೆಡ್ ಕಾಯ್ದೆ ಶೇ 0.5 ಇದ್ದರೂ ಅದು ಅಮಲಿನ ಮದ್ಯವೇ ಎಂದು ಬರೆದು ಆ ಆಸೆಗೆ ತೆರೆ ಎಳೆಯಿತು. 1933ರಲ್ಲಿ ಗಾಳಿ ತಿರುಗಿತು. ಅಲ್ಲಿನ ಸಂಸತ್ತು ತೂಕದಲ್ಲಿ ಶೇ 3.2ರವರೆಗಿನ ಬಿಯರ್ ಅಮಲು ತರುವುದಿಲ್ಲ ಎಂದು ಘೋಷಿಸಿತು. ಹದಿನಾಲ್ಕು ವರ್ಷಗಳಲ್ಲಿ ಬಿಯರಿನ ಗುಣ ಬದಲಾಗಿರಲಿಲ್ಲ, ಗೆರೆ ಜಾಗ ಬದಲಿಸಿತ್ತು.

ರಷ್ಯಾದಲ್ಲಿ ಶೇ 10ಕ್ಕಿಂತ ಕಡಿಮೆ ಮದ್ಯಸಾರದ ಬಿಯರ್ ಬಹುಕಾಲ ಆಹಾರ ಪದಾರ್ಥಗಳ ಸಾಲಿನಲ್ಲೇ ಇತ್ತು. 2011ರಲ್ಲಿ ಅದನ್ನು ಮದ್ಯವೆಂದು ಗುರುತಿಸುವ ಕಾನೂನಿಗೆ ಸಹಿ ಬಿತ್ತು. ಅಂಗಡಿ, ಹೊತ್ತು, ಜಾಹೀರಾತು ಎಲ್ಲದರ ಮೇಲೂ ಕಟ್ಟುಪಾಡು ಬಂತು.

ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ‘ನಾನ್ ಆಲ್ಕೋಹಾಲಿಕ್ ಬಿಯರ್’ ಕೊಳ್ಳುವವರು ಈ ಗೆರೆಯನ್ನು ನೆನಪಿಡಬೇಕು. ಮದ್ಯವಲ್ಲ ಎಂದರೆ ಮದ್ಯಸಾರ ಇಲ್ಲವೇ ಇಲ್ಲ ಎಂದು ಎಲ್ಲ ಕಡೆ ಅರ್ಥವಲ್ಲ. ಜರ್ಮನಿಯಲ್ಲಿ ಶೇ 0.5ರವರೆಗೆ ಇದ್ದರೂ ಹಾಗೆ ಕರೆಯಬಹುದು. ಕುಡಿತ ಬಿಡಲು ಒದ್ದಾಡುತ್ತಿರುವವರಿಗೆ, ಗರ್ಭಿಣಿಯರಿಗೆ ಆ ಅರ್ಧ ಶೇಕಡಾ ಕೂಡ ವಿಚಾರ ಮಾಡಬೇಕಾದ ಸಂಗತಿ.

ಬಾಟಲಿಯ ಮೇಲಿನ 42.8

ನಮ್ಮ ವಿಸ್ಕಿ, ರಮ್ಮು, ಬ್ರಾಂದಿ ಬಾಟಲಿಗಳ ಮೇಲೆ ಹೆಚ್ಚಾಗಿ ಕಾಣುವ ಅಂಕಿ ಶೇ 42.8. ನಲವತ್ತಲ್ಲ, ನಲವತ್ತೈದಲ್ಲ, ಈ ಮುರುಕು ಸಂಖ್ಯೆ ಬ್ರಿಟಿಷರ ಕಾಲದ ಉಳಿಕೆ.

ಮದ್ಯದ ಗಟ್ಟಿತನ ತಿಳಿಯಲು ಹಿಂದೆ ಬ್ರಿಟನ್ನಿನಲ್ಲಿ ಅದನ್ನು ಕೋವಿಮದ್ದಿಗೆ ಸುರಿದು ಬೆಂಕಿ ಹಚ್ಚುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಗಟ್ಟಿತನ ಸಾಬೀತು. ನೀರು ಹೆಚ್ಚಿದ್ದರೆ ಮದ್ದು ನೆನೆದು ಹೊತ್ತುತ್ತಿರಲಿಲ್ಲ. ‘ಪ್ರೂಫ್’ ಎಂಬ ಮಾತು ಆ ಸಾಬೀತಿನದು. 1816ರಲ್ಲಿ ಬ್ರಿಟನ್ ಸೈಕ್ಸ್ ಎಂಬವರ ಹೈಡ್ರೋಮೀಟರನ್ನು ಅಧಿಕೃತ ಮಾಪಕ ಮಾಡಿಕೊಂಡಿತು. ಬ್ರಿಟಿಷ್ ಲೆಕ್ಕದಲ್ಲಿ 100 ಪ್ರೂಫ್ ಎಂದರೆ ಗಾತ್ರದಲ್ಲಿ ಶೇ 57ಕ್ಕೆ ತುಸು ಹೆಚ್ಚು. ಅದರ ಮುಕ್ಕಾಲು, ಅಂದರೆ 75 ಪ್ರೂಫ್, ನಮ್ಮ 42.8. ಬ್ರಿಟನ್ 1980ರಲ್ಲಿ ಪ್ರೂಫ್ ಕೈಬಿಟ್ಟು ಶೇಕಡಾ ಲೆಕ್ಕಕ್ಕೆ ಬಂತು. ನಮ್ಮ ಬಾಟಲಿಗಳಲ್ಲಿ ಆ ಹಳೆಯ ಮುಕ್ಕಾಲು ಇನ್ನೂ ಉಳಿದಿದೆ.

ಕೋರ್ಟಿನ ಮೆಟ್ಟಿಲೇರಿದ ಪದ

ಸ್ವಾತಂತ್ರ್ಯದ ಹೊಸತರಲ್ಲೇ ಈ ಪ್ರಶ್ನೆ ಸುಪ್ರೀಂ ಕೋರ್ಟನ್ನು ಮುಟ್ಟಿತು. 1949ರ ಬಾಂಬೆ ಪಾನನಿಷೇಧ ಕಾಯ್ದೆ ಮದ್ಯಸಾರವಿರುವ ಎಲ್ಲ ದ್ರವಗಳನ್ನೂ ಮದ್ಯ ಎಂದಿತ್ತು. ಎಫ್.ಎನ್. ಬಾಲ್ಸಾರಾ ಎಂಬವರು ಅದನ್ನು ಪ್ರಶ್ನಿಸಿದರು. ತಾನು ಇಟ್ಟುಕೊಂಡು ಬಳಸಲು ಅವಕಾಶ ಬೇಕೆಂದು ಅವರು ಕೇಳಿದ ಪಟ್ಟಿಯಲ್ಲಿ ವಿಸ್ಕಿಯ ಜೊತೆಗೆ ಸುಗಂಧದ ಕೊಲೋನೂ ಇತ್ತು. 1951ರಲ್ಲಿ ತೀರ್ಪು ಬಂತು. ಮದ್ಯ ಎಂಬ ಪದಕ್ಕೆ ಅಷ್ಟು ಅಗಲವಾದ ಅರ್ಥ ಕೊಡುವ ಅಧಿಕಾರ ಶಾಸನಸಭೆಗೆ ಇದೆ. ಆದರೆ ಮದ್ಯಸಾರವಿರುವ ಔಷಧ, ಪ್ರಸಾಧನಗಳನ್ನು ಇಟ್ಟುಕೊಳ್ಳಬಾರದು, ಬಳಸಬಾರದು ಎಂಬ ನಿರ್ಬಂಧ ಅತಿಯಾಯಿತು, ಅದು ನಿಲ್ಲದು ಎಂದಿತು ನ್ಯಾಯಾಲಯ. ಸಂವಿಧಾನದ 47ನೇ ವಿಧಿಯೂ ಅಮಲು ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವಂತೆ ಸರ್ಕಾರಕ್ಕೆ ಹೇಳುವಾಗ ಔಷಧದ ಬಳಕೆಯನ್ನು ಹೊರಗಿಡುತ್ತದೆ.

ಇದೇ ಪದದ ಬಗ್ಗೆ ಮತ್ತೆ 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಈ ಸಲದ ಪ್ರಶ್ನೆ ಕಾರ್ಖಾನೆಯ ಮದ್ಯಸಾರದ್ದು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ, ಭಟ್ಟಿ ಇಳಿಸಿ ಶೇ 95ರ ಸ್ಪಿರಿಟ್ ಮಾಡುತ್ತಾರೆ. ಅದನ್ನು ಇನ್ನಷ್ಟು ಶುದ್ಧಮಾಡಿ ನೀರು, ಬಣ್ಣ, ಪರಿಮಳ ಸೇರಿಸಿದರೆ ಕುಡಿಯುವ ಮದ್ಯ. ನೀರಿನಂಶ ಪೂರ್ತಿ ತೆಗೆದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಕಹಿ ಅಥವಾ ವಿಷದ ಪದಾರ್ಥ ಬೆರೆಸಿ ಕುಡಿಯಲಾಗದಂತೆ ಮಾಡಿದರೆ ಡಿನೇಚರ್ಡ್ ಸ್ಪಿರಿಟ್, ಅದು ಬಣ್ಣ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ. ಟ್ಯಾಂಕರಿನಲ್ಲಿರುವುದು ಒಂದೇ ಅಣು. ಹೋಗುವ ದಾರಿ ಮೂರು.

ಸಂವಿಧಾನದಲ್ಲಿ ‘ಅಮಲು ತರುವ ಮದ್ಯ’ ರಾಜ್ಯಗಳ ಪಟ್ಟಿಯಲ್ಲಿದೆ. ಕಾರ್ಖಾನೆಯ ಮದ್ಯಸಾರವೂ ಆ ಮಾತಿನೊಳಗೆ ಬರುತ್ತದೆಯೇ? ಎಂಟು ನ್ಯಾಯಮೂರ್ತಿಗಳು ಬರುತ್ತದೆ ಎಂದರು, ರಾಜ್ಯಗಳಿಗೆ ನಿಯಂತ್ರಣದ ಅಧಿಕಾರವಿದೆ ಎಂದರು. ಕುಡಿಯಲು ಯೋಗ್ಯವಲ್ಲದ್ದನ್ನು ಅಮಲಿನ ಮದ್ಯ ಎನ್ನಲಾಗದು ಎಂದು ಭಿನ್ನಮತ ಬರೆದ ಒಬ್ಬರೇ ಒಬ್ಬರು ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ತೆರಿಗೆ ನೇರ ರಾಜ್ಯಗಳದು. ಕರ್ನಾಟಕದ ಅಬಕಾರಿ ಆದಾಯವೇ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ಮೀರಿದೆ. ಒಂದು ಪದದ ಅರ್ಥಕ್ಕೆ ಇಷ್ಟು ಜಗ್ಗಾಟ ಏಕೆ ಎಂಬುದಕ್ಕೆ ಈ ಅಂಕಿಯೂ ಒಂದು ಉತ್ತರ.

ನೀರಾಕ್ಕಾಗಿ ಬಿದ್ದ ಗುಂಡು

ಈ ಗೆರೆ ತಪ್ಪಿದರೆ ಜನಸಾಮಾನ್ಯರ ಬದುಕಿನಲ್ಲಿ ಏನಾಗುತ್ತದೆ ಎಂಬುದನ್ನು ಚನ್ನಪಟ್ಟಣದ ತೆಂಗು ಬೆಳೆಗಾರರು ಕಂಡಿದ್ದಾರೆ. 1965ರ ನಮ್ಮ ಅಬಕಾರಿ ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಹೆಂಡವೆಂದರೆ ತೆಂಗು, ತಾಳೆ, ಈಚಲಿನಂಥ ಮರಗಳಿಂದ ಇಳಿಸಿದ ರಸ, ಅದು ಹುದುಗಿರಲಿ, ಹುದುಗದಿರಲಿ. ಅಂದರೆ ಮರದಿಂದ ಆಗಷ್ಟೇ ಇಳಿದ ಸಿಹಿ ನೀರಾವೂ ಕಾನೂನಿನ ಕಣ್ಣಿಗೆ ಹೆಂಡವೇ. ಅಳತೆ ನೋಡದೆ ಮರ ನೋಡಿ ಹೆಸರಿಟ್ಟ ವ್ಯಾಖ್ಯೆ ಅದು; ಗಾದೆಯ ಈಚಲ ಮರ ಕಾಯ್ದೆಯೊಳಗೇ ಬೇರು ಬಿಟ್ಟಿತ್ತು.

ನುಸಿ ಪೀಡೆ ತೆಂಗನ್ನು ತಿಂದುಹಾಕಿದ ಕಾಲ. ಕಾಯಿ ಕಚ್ಚದ ಮರದಿಂದ ನೀರಾ ಇಳಿಸಿಯಾದರೂ ಬದುಕಲು ಬಿಡಿ ಎಂದು ರೈತರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಅಬಕಾರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರಾಕ್ಕೆ ಪ್ರತ್ಯೇಕ ದಾರಿ ತೆರೆದದ್ದು 2016–17ರ ವೇಳೆಗೆ, ಹದಿನೈದು ವರ್ಷಗಳ ಮೇಲೆ.

ನೀರಾ ಹೆಂಡವಾಗುತ್ತದೆ ಎಂಬ ಸರ್ಕಾರದ ಆತಂಕ ಸುಳ್ಳೇನಲ್ಲ; ಅದು ಆಗಿಯೇ ಆಗುತ್ತದೆ. ಆದರೆ ತಡೆಯುವ ವಿದ್ಯೆಯೂ ಇದೆ. ಸುಣ್ಣ ರಸದ ಹುಳಿತನ ತಗ್ಗಿಸಿ ಯೀಸ್ಟಿನ ಕೈ ಕಟ್ಟುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೇ ಕಟ್ಟಿ, ಸುಣ್ಣವಿಲ್ಲದೆ, ಹುದುಗದ ರಸ ಹಿಡಿಯುವ ವಿಧಾನ ರೂಪಿಸಿ ಅದಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟಿದೆ. ಗೆರೆಯನ್ನು ಮರದ ಮೇಲೆ ಎಳೆಯುವ ಬದಲು ಮಡಕೆಯೊಳಗಿನ ಮದ್ಯಸಾರದ ಮೇಲೆ ಎಳೆದಿದ್ದರೆ ಆ ಎರಡು ಮನೆಗಳ ದೀಪ ಆರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಾಲಿಗೆಗೆ ತಿಳಿಯದ ಸೋದರ

ಎಥೆನಾಲ್‌ಗೆ ಒಂದು ಇಂಗಾಲ ಕಡಿಮೆಯಿರುವ ಸೋದರ ಮೆಥನಾಲ್. ಅದೂ ಬಣ್ಣವಿಲ್ಲದ ದ್ರವ, ವಾಸನೆಯೂ ಹೆಚ್ಚುಕಡಿಮೆ ಅದೇ, ಮೊದಮೊದಲು ಅಮಲೂ ಅದೇ. ಯಕೃತ್ತು ಎಥೆನಾಲನ್ನು ಒಡೆಯುವ ಕಿಣ್ವದಿಂದಲೇ ಮೆಥನಾಲನ್ನೂ ಒಡೆಯುತ್ತದೆ. ಆಗ ಹುಟ್ಟುವುದು ಫಾರ್ಮಾಲ್ಡಿಹೈಡ್, ಅದರಿಂದ ಫಾರ್ಮಿಕ್ ಆಮ್ಲ. ಕಣ್ಣಿನ ನರ ಸುಡುವುದು, ರಕ್ತ ಆಮ್ಲವಾಗುವುದು ಅದರಿಂದ. 10 ಮಿಲಿಲೀಟರ್ ಸಾಕು, ದೃಷ್ಟಿ ಹೋಗಬಹುದು.

1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಕೊಂದಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಬಹುಪಾಲು ಕೂಲಿನಾಲಿ ಮಾಡುವವರು. ಹುದುಗುವಾಗ ತಾನಾಗಿ ಹುಟ್ಟುವ ಮೆಥನಾಲ್ ತೀರ ಕಡಿಮೆ; ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಗೆಂದು ಬಂದ ಅಗ್ಗದ ಮೆಥನಾಲನ್ನು ಬೆರೆಸಿದ ಕೈ.

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಇನ್ನೊಂದು ಭ್ರಮೆ ಜೀವ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಸ್ಯಾನಿಟೈಜರಿನಲ್ಲಿ ಶೇ 80 ಎಥೆನಾಲ್ ಇರುತ್ತದೆ, ಇಲ್ಲವೇ ಶೇ 75 ಐಸೊಪ್ರೊಪೈಲ್ ಎಂಬ ಬೇರೆಯೇ ಆಲ್ಕೋಹಾಲ್. ಡಬ್ಬಿಯ ಮೇಲೆ ‘ಆಲ್ಕೋಹಾಲ್’ ಎಂದಿದೆ, ಅಂಗಡಿ ಮುಚ್ಚಿದೆ ಎಂದು ಕುಡಿದವರು ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ 2020ರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಕುಟುಂಬದ ಹೆಸರನ್ನೇ ಅಣುವಿನ ಹೆಸರೆಂದು ತಿಳಿದದ್ದಕ್ಕೆ ತೆತ್ತ ಬೆಲೆ.

ಕುಡಿದ ಹನ್ನೆರಡು ತಾಸಿನಿಂದ ಒಂದು ದಿನದೊಳಗೆ ಕಣ್ಣಿಗೆ ಮಂಜು ಕವಿದಂತಾಗುವುದು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅದು ‘ನಿಶೆ ಇಳಿದಿಲ್ಲ’ ಎಂದು ಮಲಗಿಸುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು. ಬೇಗ ಸಿಕ್ಕರೆ ಚಿಕಿತ್ಸೆ ಇದೆ. ಪೊಲೀಸರ ಭಯ, ನಾಚಿಕೆಗಳಿಂದ ಕಳೆದ ಪ್ರತಿ ತಾಸೂ ಕಣ್ಣನ್ನೋ ಜೀವವನ್ನೋ ಕಸಿಯುತ್ತದೆ.

ಮೈಗೆ ಗೊತ್ತಿರುವುದು ಗ್ರಾಂ ಮಾತ್ರ

ಕಾನೂನಿನ ಗೆರೆಗಳು ಊರಿಂದೂರಿಗೆ ಬದಲಾಗುತ್ತವೆ. ಮೈಯೊಳಗೆ ನಡೆಯುವ ಲೆಕ್ಕ ಮಾತ್ರ ಒಂದೇ. ಕುಡಿದು ವಾಹನ ಓಡಿಸುವವರನ್ನು ಶಿಕ್ಷಿಸುವ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರ ಸಾಕು. ಅದು ಶೇಂದಿಯಿಂದ ಬಂತೋ ಸ್ಕಾಚಿನಿಂದ ಬಂತೋ ಎಂದು ಕೇಳುವುದಿಲ್ಲ. ಮೊದಲ ಸಲಕ್ಕೆ 10 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.

ಈ ಲೆಕ್ಕ ಮನೆಯಲ್ಲೇ ಮಾಡಬಹುದು. ಕುಡಿದ ಮಿಲಿಲೀಟರನ್ನು ಬಾಟಲಿಯ ಮೇಲಿನ ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಆ 0.8. ಬಂದ ಉತ್ತರ ಮೈಸೇರಿದ ಮದ್ಯಸಾರದ ಗ್ರಾಂ. 42.8ರ ವಿಸ್ಕಿಯ 30 ಮಿಲಿಲೀಟರಿನ ಪೆಗ್‌ನಲ್ಲಿ ಸುಮಾರು 10 ಗ್ರಾಂ. ಶೇ 5ರ ಶೇಂದಿ ಅರ್ಧ ಲೀಟರಿನಲ್ಲಿ 20 ಗ್ರಾಂ. ಅದೇ 42.8ರ ಮದ್ಯದ 90 ಮಿಲಿಲೀಟರಿನ ಪುಟ್ಟ ಪ್ಯಾಕೆಟ್ಟಿನಲ್ಲಿ ಸುಮಾರು 31 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 42 ಗ್ರಾಂ, ಅಂದರೆ ನಾಲ್ಕು ಪೆಗ್.

‘ಕುಡಿತೀರಾ?’ ಎಂದು ಡಾಕ್ಟರು ಕೇಳಿದಾಗ ‘ಇಲ್ಲ ಸಾರ್, ಬರೀ ಬಿಯರು’ ಎಂಬ ಉತ್ತರ ಎಷ್ಟು ಸಾಮಾನ್ಯ! ಹೇಳುವವರು ಸುಳ್ಳಾಡುತ್ತಿಲ್ಲ, ಹೆಸರನ್ನು ನಂಬಿದ್ದಾರೆ. ಯಕೃತ್ತು ಹೆಸರು ಓದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ ಎಂದು ಸಂಸ್ಥೆ 2023ರಲ್ಲಿ ಹೇಳಿತು. ಕಾನೂನಿನ ಅರ್ಧ ಶೇಕಡಾ ತೆರಿಗೆಗೆ, ಲೈಸೆನ್ಸಿಗೆ, ಲೇಬಲ್ಲಿಗೆ ಬೇಕಾದ ಗೆರೆ; ಆರೋಗ್ಯದ ಭರವಸೆ ಅದರಲ್ಲಿಲ್ಲ.

ಅದಕ್ಕೇ ಪ್ರತಿ ಬಾಟಲಿ, ಪ್ಯಾಕೆಟ್ಟಿನ ಮೇಲೂ ಶೇಕಡಾದ ಪಕ್ಕದಲ್ಲಿ ಒಟ್ಟು ಎಷ್ಟು ಗ್ರಾಂ ಮದ್ಯಸಾರ ಇದೆ ಎಂಬುದು ದಪ್ಪ ಕನ್ನಡ ಅಕ್ಷರಗಳಲ್ಲಿ ಇರಬೇಕು ಎಂಬುದು ನನ್ನ ಆಸೆ. 42 ಎಂಬ ಅಂಕಿ ಕಣ್ಣಿಗೆ ಬಿದ್ದರೆ ‘ಬರೀ’ ಎಂಬ ಮಾತು ಬಾಯಿಗೆ ಬರುವ ಮುನ್ನ ಒಂದು ಗಳಿಗೆ ತಡೆಯುತ್ತದೆ.

ಮೂರ್ತೆಯವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಮಡಕೆಯಲ್ಲಿರುವುದು ಏನು ಎಂದು ಅವರನ್ನು ಕೇಳಿದರೆ ಥಟ್ಟನೆ ಹೆಸರು ಹೇಳಲಾರರು. ಅವರಿಗೆ ಮೊದಲು ಗೊತ್ತಾಗಬೇಕಾದದ್ದು ಬೇರೆ: ಸುಣ್ಣ ಹಾಕಿತ್ತೇ, ಇಳಿಸಿ ಎಷ್ಟು ಹೊತ್ತಾಯಿತು?